ಡೆಲ್ಮರ್ ರಾಸ್ಕನ ಎಡಗೈ

ಡೆಲ್ಮರ್ ರಾಸ್ಕ್ ನಮ್ಮ ಮನೆಯ ಕದ ತಟ್ಟಿದವನೇ ಅಲ್ಲ. ಚಳಿಗಾಲದ ಬೆಳಿಗ್ಗೆ ಅವನ ಹಸಿರು ಪಿಕಪ್ಪು ಅಂಗಳದಲ್ಲಿ ನಿಂತ ಸದ್ದಾದರೆ ನಾನು ಬಾಗಿಲನ್ನು ಅರ್ಧ ತೆರೆದು, ಚಳಿಗೆ ಮೈ ಹಿಡಿ ಮಾಡಿಕೊಂಡು, "ಎಷ್ಟು?" ಎಂದು ಕೂಗುತ್ತಿದ್ದೆ. ಅವನು ಸ್ಟಿಯರಿಂಗಿನ ಮೇಲಿಂದಲೇ ಬೆರಳು ಎತ್ತುತ್ತಿದ್ದ. ಎರಡು ಬೆರಳು ಎತ್ತಿದರೆ ಎರಡು ಕಯೋಟಿ, ಕುರಿಮರಿ ಕದಿಯುವ ಇಲ್ಲಿಯ ಸಣ್ಣ ತೋಳ, ಸಿಕ್ಕಿವೆ ಎಂದು ಅರ್ಥ. ಬರೀ ತಲೆ ಅಲ್ಲಾಡಿಸಿದರೆ ಅವತ್ತು ಏನೂ ಇಲ್ಲ. ಮೂವತ್ತೊಂದು ವರ್ಷ ನಮ್ಮಿಬ್ಬರ ನಡುವೆ ನಡೆದ ಮಾತುಕತೆಯಲ್ಲಿ ಮುಕ್ಕಾಲು ಪಾಲು ಇಷ್ಟೇ.

ನನ್ನ ಹೆಸರು ಲವಾನ್. ಮೊಂಟಾನಾದ ಪೂರ್ವದ ಅಂಚಿನಲ್ಲಿ, ಮರಗಳಿಗಿಂತ ಬೇಲಿಗೂಟಗಳೇ ಹೆಚ್ಚಿರುವ ಕಡೆ, ಆರುನೂರು ಕುರಿ ಸಾಕಿದ್ದೇನೆ. ಗಂಡ ಕ್ಲಿಫ್ ದೂರದೂರಿಗೆ ಲಾರಿ ಓಡಿಸುತ್ತಾನೆ. ತಿಂಗಳಿಗೆ ಎಂಟು ದಿನ ಮನೆಯಲ್ಲಿರುತ್ತಾನೆ, ಆ ಎಂಟು ದಿನವೂ ನಿದ್ದೆ ಮಾಡುತ್ತಾನೆ. ಮೇ ತಿಂಗಳಲ್ಲಿ ನನ್ನ ಕುರಿಗಳು ಮರಿ ಹಾಕುವ ಹೊತ್ತಿಗೆ ಕಯೋಟಿಗಳ ಬಿಲದಲ್ಲೂ ಮರಿಗಳಿರುತ್ತವೆ. ಅವಕ್ಕೂ ಹೊಟ್ಟೆ ಇದೆ, ನನಗೂ ಇದೆ. ಡೆಲ್ಮರ್ ನ್ಯುಮೋನಿಯಾ ಬಂದು ಮಲಗಿದ್ದ ಒಂದು ವರ್ಷ ಎಂಬತ್ತಮೂರು ಮರಿ ಹೋದವು. ಗಂಟಲಲ್ಲಿ ಹಲ್ಲಿನ ತೂತು ಬಿದ್ದು, ಹೊಟ್ಟೆ ಬರಿದಾಗಿ ಹುಲ್ಲಿನಲ್ಲಿ ಬಿದ್ದಿದ್ದ ಮರಿಗಳನ್ನು ಎತ್ತಿ ಎತ್ತಿ ಗಾಡಿಗೆ ಹಾಕಿ ನನ್ನ ಸೊಂಟ ಬಿದ್ದು ಹೋಯಿತು. ಅಲ್ಲಿಂದ ಮುಂದೆ ನನ್ನ ಆರೋಗ್ಯಕ್ಕಿಂತ ಡೆಲ್ಮರನ ಆರೋಗ್ಯದ ಚಿಂತೆಯೇ ನನಗೆ ಹೆಚ್ಚಾಯಿತು. ಇದನ್ನು ಯಾರೂ ಒಳ್ಳೆಯತನ ಎಂದು ತಿಳಿಯಬಾರದು.

ಅವನು ಹುಟ್ಟಿದ್ದು ಕುರಿಗಾಹಿಯ ಬಂಡಿಯಲ್ಲಿ. ಅಪ್ಪ ಬೇರೆಯವರ ಕುರಿ ಕಾಯುತ್ತಿದ್ದ. ಡೆಲ್ಮರ್ ಶಾಲೆಗೆ ಹೋದ ಎರಡನೆಯ ವರ್ಷವೇ ಸ್ಕಂಕ್ ಎಂಬ ನಾರುವ ಪ್ರಾಣಿಯೊಂದನ್ನು ಹಿಡಿದು, ಅದರ ನಾತ ಮೈಗೆಲ್ಲ ಹತ್ತಿಸಿಕೊಂಡು ತರಗತಿಗೆ ಬಂದನಂತೆ. ಟೀಚರು ಮೂರು ದಿನ ಅವನನ್ನು ಜಗಲಿಯಲ್ಲಿ ಕೂರಿಸಿ ಕಿಟಕಿಯಿಂದ ಪಾಠ ಹೇಳಿದರಂತೆ. ಓಪಲ್ ಅವನನ್ನು ಮದುವೆಯಾಗಲು ಒಪ್ಪಿದ್ದು ಒಂದು ಷರತ್ತಿನ ಮೇಲೆ. ಚರ್ಮ ಸುಲಿಯುವ ಶೆಡ್ಡು ಅಡುಗೆಮನೆಯಿಂದ ನೂರು ಹೆಜ್ಜೆ ಆಚೆ ಇರಬೇಕು. ಹೆಜ್ಜೆ ಎಣಿಸಿದವಳು ಅವಳೇ, ಅದೂ ಸಣ್ಣ ಹೆಜ್ಜೆ ಇಡದೆ ದಾಪುಗಾಲು ಹಾಕಿ. ಬೇಸಿಗೆಯಲ್ಲಿ ಜಿಲ್ಲೆಯ ಮಣ್ಣುರಸ್ತೆ ಸಮ ಮಾಡುವ ಯಂತ್ರ ಓಡಿಸುವುದು, ಚಳಿಗಾಲದಲ್ಲಿ ಆರು ಕುರಿಮನೆಗಳ ಸುತ್ತ ಟ್ರ್ಯಾಪು ಇಡುವುದು, ಇದೇ ಅವನ ಬದುಕು. ಚರ್ಮವನ್ನು ಕೇಳುವವರೇ ಇಲ್ಲವಾದ ಮೇಲೂ ಅವನು ಬಿಡಲಿಲ್ಲ. ಬಿಡಲು ನಾವು ಆರು ಮನೆಯವರು ಬಿಡಬೇಕಲ್ಲ.

ಟ್ರ್ಯಾಪು ಅಂದರೆ ಕಾಲು ಹಿಡಿಯುವ ಟ್ರ್ಯಾಪು. ಎರಡು ಕಬ್ಬಿಣದ ದವಡೆ, ನಡುವೆ ಒಂದು ಪುಟ್ಟ ತಟ್ಟೆ, ಎರಡೂ ಪಕ್ಕ ಸ್ಪ್ರಿಂಗನ್ನು ಒತ್ತುವ ಎರಡು ಕಿವಿ, ಒಂದು ಸರಪಳಿ, ನೆಲಕ್ಕೆ ಹೊಡೆಯುವ ಗೂಟ. ಪ್ರತಿ ಸೆಪ್ಟೆಂಬರಿನಲ್ಲಿ ಅವನು ಅವುಗಳನ್ನೆಲ್ಲ ಡ್ರಮ್ಮಿನಲ್ಲಿ ಬಣ್ಣದ ನೀರಿಗೆ ಹಾಕಿ ಕುದಿಸಿ, ಬಿಸಿ ಮೇಣದಲ್ಲಿ ಅದ್ದಿ, ಜುನಿಪರ್ ಮರದ ಕೊಂಬೆಗೆ ತೂಗುಹಾಕುತ್ತಿದ್ದ. ಮನುಷ್ಯರ ವಾಸನೆ ಹತ್ತಿದರೆ ಕಯೋಟಿ ದೂರ ಉಳಿಯುತ್ತದೆಂದು ಆ ವಾರ ಓಪಲ್‌ಗೂ ಆ ಮರದ ಹತ್ತಿರ ಪ್ರವೇಶವಿರಲಿಲ್ಲ. ಪೆಟ್ರೋಲು ಮುಟ್ಟಿದ ಕೈಯಲ್ಲಿ ಯಾರಾದರೂ ಟ್ರ್ಯಾಪು ಮುಟ್ಟಿದರೆ ಅವರ ವಂಶವನ್ನೆಲ್ಲ ಬಯ್ಯುತ್ತಿದ್ದ.

ಹೊಸದಾಗಿ ಟ್ರ್ಯಾಪು ಹಿಡಿಯುವವರು ಒಂದು ದಿನದ ತರಗತಿಗೆ ಬಂದು ಪರವಾನಗಿಗೆ ಬೇಕಾದ ಕಾರ್ಡು ಪಡೆಯಬೇಕು. ನಮ್ಮ ಕಡೆ ಆ ತರಗತಿ ಅಕ್ಟೋಬರಿನ ಒಂದು ಶನಿವಾರ ಅಗ್ನಿಶಾಮಕ ಠಾಣೆಯ ಹಾಲ್‌ನಲ್ಲಿ ನಡೆಯುತ್ತದೆ. ಇಪ್ಪತ್ತೆರಡು ವರ್ಷದಿಂದ ಮೇಷ್ಟ್ರು ಡೆಲ್ಮರನೇ. ಓಪಲ್ ಮಾಂಸ, ಆಲೂಗಡ್ಡೆ ಬೇಯಿಸಿದ ದೊಡ್ಡ ತಟ್ಟೆ ತರುತ್ತಾಳೆ. ನಾನು ಕಾಫಿ ಮಾಡುತ್ತೇನೆ, ಆಮೇಲೆ ಹತ್ತು ನಿಮಿಷ ನಿಂತು ಎಂಬತ್ತಮೂರು ಮರಿಗಳ ಕಥೆ ಹೇಳುತ್ತೇನೆ. ಹೇಳಿ ಹೇಳಿ ಆ ಮರಿಗಳ ಮೇಲಿನ ದುಃಖವೂ ನನಗೆ ಬಾಯಿಪಾಠವಾಗಿತ್ತು.

ಡೆಲ್ಮರ್ ಮಡಚುವ ಮೇಜಿನ ಮೇಲೆ ಆರು ಟ್ರ್ಯಾಪು ಸಾಲಾಗಿ ಇಡುತ್ತಿದ್ದ. ಸಣ್ಣದು, ನಡುವಿನದು, ದೊಡ್ಡದು. ಎಲ್ಲರೂ ಕೇಳುತ್ತಿದ್ದುದು ಒಂದೇ ಪ್ರಶ್ನೆ, ಕಯೋಟಿಗೆ ಯಾವುದು ತಗೊಳ್ಳಬೇಕು, ನರಿಗೆ ಯಾವುದು, ಕಾಡುಬೆಕ್ಕಿಗೆ ಯಾವುದು.

"ಪ್ರಾಣಿ ಕಾಲು ಆಮೇಲೆ ನೋಡೋಣ," ಎನ್ನುತ್ತಿದ್ದ ಡೆಲ್ಮರ್. "ಮೊದಲು ನಿಮ್ಮ ಕೈ ನೋಡ್ಕೊಳ್ಳಿ. ಹೂಡೋದು ಎಲ್ಲರೂ ಹೂಡ್ತಾರೆ. ತೆಗೆಯೋಕೆ ಬರುತ್ತಾ? ನಾಳೆ ಪಕ್ಕದ ಮನೆ ನಾಯಿ ಸಿಕ್ಕಿ ಬಿದ್ದಿರುತ್ತೆ, ನಿಮ್ಮನ್ನೇ ನೋಡ್ತಿರುತ್ತೆ. ಆವಾಗ ನಿಮ್ಮ ಕೈಲಿ ತೆಗೆಯೋಕೆ ಬರದೇ ಇರೋ ಟ್ರ್ಯಾಪು ನಿಮ್ಮದಲ್ಲ. ಅಂಗಡಿಯವನದು."

ಸ್ಪ್ರಿಂಗು ಸಡಿಲ ಇದ್ದರೆ ಪ್ರಾಣಿಗೆ ನೋವು ಕಡಿಮೆ ಎಂದು ಹೊಸಬರು ತಿಳಿಯುತ್ತಾರೆ. ಅದು ತಲೆಕೆಳಗು. ಬಿಗಿ ಸ್ಪ್ರಿಂಗು ಪಂಜವನ್ನು ಮೇಲೆ, ಅಂಗಾಲಿನ ದಿಂಬಿನ ಹಿಂದೆ ಹಿಡಿದು ಅಲ್ಲೇ ನಿಲ್ಲಿಸುತ್ತದೆ. ದವಡೆ ದಪ್ಪಗಿದ್ದು, ಮುಚ್ಚಿದಾಗಲೂ ನಡುವೆ ಸ್ವಲ್ಪ ಸಂದಿ ಉಳಿದರೆ ಮೂಳೆ ಮುರಿಯುವುದಿಲ್ಲ. ಸಡಿಲ ಟ್ರ್ಯಾಪು ಜಾರಿ ಬೆರಳಿಗೆ ಇಳಿಯುತ್ತದೆ, ಪ್ರಾಣಿ ತಿರುಚಿ ತಿರುಚಿ ಬೆರಳನ್ನೇ ಕಳೆದುಕೊಳ್ಳುತ್ತದೆ. ಇದನ್ನು ನಂಬಿಸಲು ಅವನು ಪ್ರತಿ ವರ್ಷ ಮಾಡುತ್ತಿದ್ದ ಕೆಲಸ ಒಂದೇ. ಎಲ್ಲಕ್ಕಿಂತ ಬಿಗಿಯಾದ ನಾಲ್ಕು ಸ್ಪ್ರಿಂಗಿನ ಟ್ರ್ಯಾಪನ್ನು ನೆಲದ ಮೇಲೆ ಹೂಡಿ, ಕುರ್ಚಿ ಎಳೆದು ಕೂತು, ಬರಿಯ ಎಡಗೈಯನ್ನು ತಟ್ಟೆಯ ಮೇಲೆ ಇಡುವುದು. ಟಪ್ ಎಂದು ದವಡೆ ಬಡಿಯುತ್ತಿತ್ತು. ಮುಂದಿನ ಸಾಲಿನಲ್ಲಿ ಯಾರಾದರೂ ಅಯ್ಯೋ ಎನ್ನುತ್ತಿದ್ದರು. ಅವನು ಬಲಗೈಯಲ್ಲಿ ಕಾಫಿ ಕುಡಿಯುತ್ತಾ ಒಂದು ತಮಾಷೆ ಹೇಳಿ, ಬಟ್ಟಲು ಕೆಳಗಿಟ್ಟು, ಎದ್ದು ಬಾಗಿ ನಿಂತು, ಎರಡು ಬೂಟಿನಲ್ಲಿ ಎರಡು ಕಿವಿಯನ್ನೂ ತುಳಿದು ಕೈ ಹೊರಗೆ ತೆಗೆಯುತ್ತಿದ್ದ. ಆಮೇಲೆ ಎಲ್ಲರೂ ಒಬ್ಬೊಬ್ಬರಾಗಿ ತಮಗೆ ತಕ್ಕ ಟ್ರ್ಯಾಪು ಆರಿಸಿ, ಕೈ ಇಟ್ಟು, ತಾವೇ ತೆಗೆದುಕೊಳ್ಳಬೇಕು. ತೆಗೆಯಲಾಗದವರಿಗೆ ಕಾರ್ಡಿಲ್ಲ. ಅದು ಸರಕಾರದ ನಿಯಮವಲ್ಲ, ಅವನದು.

ಹೀಗಿರುವಾಗ ಒಂದು ಡಿಸೆಂಬರಿನಲ್ಲಿ ಅವನು ತನ್ನ ಮನೆಯ ಮೆಟ್ಟಿಲ ಮೇಲೆ ಮಂಜುಗಡ್ಡೆಗೆ ಜಾರಿ ಬಿದ್ದ. ಸೊಂಟದ ಮೂಳೆ ಮುರಿದು ಒಳಗೆ ಕಬ್ಬಿಣ ಹಾಕಿದರು. ಬೆರಳ ಗಂಟುಗಳು ಮೊದಲೇ ಊದಿಕೊಂಡಿದ್ದವು. ಎಪ್ಪತ್ತೊಂದು ವರ್ಷ. ಇನ್ನು ಸಾಕು ಎಂದು ಯಾರಾದರೂ ಹೇಳಬೇಕಿತ್ತು. ಹೇಳಬೇಕಾದವಳು ನಾನು, ಏಕೆಂದರೆ ಫೆಬ್ರವರಿ ಕೊನೆಯಲ್ಲಿ ಅವನು ಕೋಲೂರಿಕೊಂಡು ಮೊದಲು ಬಂದದ್ದು ನನ್ನ ಅಂಗಳಕ್ಕೆ.

"ನಿನ್ನ ಹಳ್ಳದ ಕಡೆ ಹೆಜ್ಜೆ ಕಾಣಿಸ್ತಾ?" ಎಂದು ಕೇಳಿದ.

"ಕಾಣಿಸ್ತು. ಎರಡು ಜೋಡಿ ಇರ್ಬೇಕು. ಆದ್ರೆ ನಿನ್ನ ಸೊಂಟ?"

"ಸೊಂಟಕ್ಕೇನು, ಅದಕ್ಕೀಗ ಕಬ್ಬಿಣ ಇದೆ. ನಿನ್ನದಕ್ಕಿಂತ ಗಟ್ಟಿ."

ನಾನು ನಕ್ಕೆ. ಪಿಕಪ್ಪಿನ ಹಿಂದೆ ಇಣುಕಿದೆ. ಪ್ರತಿ ವರ್ಷದ ದೊಡ್ಡ ಟ್ರ್ಯಾಪುಗಳು ಇರಲಿಲ್ಲ. ಹಳೆಯ, ಸಣ್ಣ, ಸ್ಪ್ರಿಂಗು ಸಡಿಲಾದವು ಇದ್ದವು. ನರಿಗೆ ಕೂಡ ಅವನು ಬೇಡ ಎನ್ನುತ್ತಿದ್ದಂಥವು.

"ಏನಿದು ಡೆಲ್ಮರ್, ಈ ಸಲ ಮೊಲ ಹಿಡಿಯೋಕೆ ಹೊರಟ್ಯಾ?"

"ಕಯೋಟಿ ಕಾಲೇ ಸಣ್ಣಗಾಗಿವೆ ಕಣೆ," ಎಂದ, ನನ್ನ ಮುಖ ನೋಡದೆ.

ನನಗೆ ಅರ್ಥವಾಗಲಿಲ್ಲ ಎಂದರೆ ಸುಳ್ಳು. ಚೆನ್ನಾಗಿ ಅರ್ಥವಾಯಿತು. ಅವನ ಕೈಗೆ ದೊಡ್ಡವು ಬಗ್ಗುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಬೇರೆಯವರಿಗೆ ಬೇಡ ಎಂದದ್ದನ್ನು ಈಗ ತಾನೇ ಎತ್ತಿಕೊಂಡು ಹೊರಟಿದ್ದ. ಆದರೆ ಮೇ ತಿಂಗಳು ಹತ್ತಿರ ಬರುತ್ತಿತ್ತು. ಸರಕಾರದ ಟ್ರ್ಯಾಪರ್ ಒಬ್ಬನಿದ್ದಾನೆ, ಅವನೊಬ್ಬನೇ ನಾಲ್ಕು ಜಿಲ್ಲೆ ಸುತ್ತಬೇಕು. ನಮ್ಮ ಕಡೆಯ ಹುಡುಗರೆಲ್ಲ ಎಣ್ಣೆ ಬಾವಿಯ ಕೆಲಸಕ್ಕೆ ಹೋಗಿದ್ದಾರೆ. ನಾನು ಬಾಯಿ ಮುಚ್ಚಿಕೊಂಡು ಅವನಿಗೆ ಹಳ್ಳದ ಗೇಟು ತೆರೆದೆ.

ಮಾರ್ಚ್ ಎರಡನೆಯ ವಾರ ಪಿಕಪ್ಪು ಅಂಗಳಕ್ಕೆ ಬಂತು. ನಾನು ಎಂದಿನಂತೆ "ಎಷ್ಟು?" ಎಂದೆ. ಬೆರಳು ಏಳಲಿಲ್ಲ, ತಲೆಯೂ ಆಡಲಿಲ್ಲ.

"ಲವಾನ್, ಬಾ ಇಲ್ಲಿ," ಎಂದ. ಅಂಥ ದನಿಯನ್ನು ನಾನು ಅವನ ಬಾಯಲ್ಲಿ ಕೇಳಿರಲಿಲ್ಲ.

ಪಿಕಪ್ಪಿನ ಹಿಂಭಾಗದಲ್ಲಿ ನನ್ನ ಪಾದ್ರಿ ಮಲಗಿತ್ತು. ಪಾದ್ರಿ ಎಂದರೆ ನಮ್ಮ ಕುರಿ ಕಾಯುವ ಬಿಳಿಯ ದೊಡ್ಡ ನಾಯಿ. ಕುರಿಗಳ ನಡುವೆ ಗಂಭೀರವಾಗಿ ಕೂತು ಉಪದೇಶ ಮಾಡುವವನಂತೆ ಕಾಣುತ್ತದೆಂದು ಕ್ಲಿಫ್ ಆ ಹೆಸರಿಟ್ಟಿದ್ದ. ಅದರ ಮುಂಗಾಲಿನಲ್ಲಿ ಸಣ್ಣ ಟ್ರ್ಯಾಪು ಹಾಗೇ ಇತ್ತು. ನಾಯಿ ಎಳೆದಾಡುವಾಗ ಡೆಲ್ಮರನ ಕೈಯಲ್ಲಿ ಅದನ್ನು ಕೂಡ ತೆಗೆಯಲು ಆಗಿರಲಿಲ್ಲ. ಸರಪಳಿಯನ್ನು ಗೂಟದಿಂದ ಬಿಡಿಸಿ, ಕುಂಟುವ ನಾಯಿಯನ್ನು ಕುಂಟುವ ಮನುಷ್ಯ ಪಿಕಪ್ಪಿಗೆ ಹತ್ತಿಸಿ, ಆರು ಮೈಲಿ ತಂದಿದ್ದ. ನಾನು ಎರಡು ಮೊಣಕಾಲು ಊರಿ ಕಿವಿ ಒತ್ತಿ ತೆಗೆದೆ. ಐದು ಸೆಕೆಂಡಿನ ಕೆಲಸ. ಅವನು ಆ ನಾಯಿಯ ಎದುರು ಕೂತು ಎಷ್ಟು ಹೊತ್ತು ಒದ್ದಾಡಿದ್ದನೋ ನಾನು ಕೇಳಲಿಲ್ಲ. ಪಾದ್ರಿ ಎರಡು ಬೆರಳು ಕಳೆದುಕೊಂಡಿತು.

"ನಾನು ಬಿಡ್ತೀನಿ ಲವಾನ್," ಎಂದ. "ನನ್ನ ಕೈಲಿ ಆಗಲ್ಲ. ಸಾಕಾಗಿದೆ."

ಇಲ್ಲಿ ನಾನು ಮಾಡಿದ್ದನ್ನು ಇದ್ದ ಹಾಗೇ ಹೇಳುತ್ತೇನೆ. ನನಗೆ ನಾಯಿಯ ನೋವಿಗಿಂತ ಮೊದಲು ನೆನಪಾದದ್ದು ಆ ಎಂಬತ್ತಮೂರು ಮರಿ. "ಯಾರಿಗೂ ಗೊತ್ತಾಗಲ್ಲ ಬಿಡು," ಎಂದೆ. "ಬೇಲಿ ತಂತಿಗೆ ಸಿಕ್ಕಿತು ಅಂತೀನಿ. ಈ ಒಂದು ಮೇ ಕಳೀಲಿ." ಅವನು ಬರಿದಾದ ಟ್ರ್ಯಾಪನ್ನು ಎತ್ತಿ ಪಿಕಪ್ಪಿಗೆ ಹಾಕಿದ. ಆಮೇಲೆ ಸರಿ ಎಂದ. ಡಾಕ್ಟರಿಗೆ, ಗಂಡನಿಗೆ, ಓಪಲ್‌ಗೆ, ಎಲ್ಲರಿಗೂ ಬೇಲಿ ತಂತಿ ಎಂದೆ. ಆ ಮೇ ತಿಂಗಳಲ್ಲಿ ನನ್ನ ಹನ್ನೆರಡು ಮರಿ ಮಾತ್ರ ಹೋದವು. ಅದು ಡೆಲ್ಮರನ ಲೆಕ್ಕಕ್ಕೆ ಒಳ್ಳೆಯ ವರ್ಷವೇ.

ಅಕ್ಟೋಬರ್ ಬಂತು, ತರಗತಿ ಬಂತು. ಹನ್ನೊಂದು ಜನ ಸೇರಿದ್ದರು. ಕೋಳಿ ಸಾಕುವ ಅಕ್ಕತಂಗಿಯರಿಬ್ಬರು, ಪೋಸ್ಟಿನಿಂದ ನಿವೃತ್ತನಾದ ಒಬ್ಬ, ಇನ್ನೂ ಕೆಲವರು. ಮುಂದಿನ ಸಾಲಿನಲ್ಲಿ ಬ್ರಾಂಟ್ ಎಂಬ ಹುಲ್ಲಿನ ವ್ಯಾಪಾರಿ, ಬಾಗಿಲಷ್ಟು ಅಗಲದ ಆಳು. ಬರುವಾಗಲೇ ಅಂಗಡಿಯಲ್ಲಿದ್ದ ಅತಿ ದೊಡ್ಡ ಟ್ರ್ಯಾಪು ಒಂದು ಡಜನ್ ಕೊಂಡು ತಂದಿದ್ದ.

"ಇದು ಯಾಕೆ ತಂದ್ರಿ?" ಎಂದು ಡೆಲ್ಮರ್ ಕೇಳಿದ. "ಕರಡಿ ಜೊತೆ ಜಗಳ ಇದೆಯಾ?"

"ದೊಡ್ಡದಿದ್ರೆ ಎಲ್ಲಕ್ಕೂ ಆಗುತ್ತಲ್ಲ ಸಾರ್."

"ನಿಮ್ಮ ಪ್ಯಾಂಟನ್ನ ನಾನು ಹಾಕ್ಕೊಂಡ್ರೆ ನನಗೂ ಆಗುತ್ತೆ. ನಡೆಯೋಕೆ ಆಗಲ್ಲ, ಅಷ್ಟೆ."

ಎಲ್ಲರೂ ನಕ್ಕರು. ಬ್ರಾಂಟನೂ ನಕ್ಕ. ಡೆಲ್ಮರ್ ಎಂದಿನಂತೆ ದವಡೆ, ಸ್ಪ್ರಿಂಗು, ಸಂದಿ ಎಲ್ಲ ಹೇಳಿದ. ಸರಪಳಿಯ ನಡುವೆ ತಿರುಗುವ ಕೊಂಡಿ ಇಲ್ಲದಿದ್ದರೆ ಪ್ರಾಣಿ ಕಾಲು ತಿರುಚಿಕೊಳ್ಳುತ್ತದೆ ಎಂದ. ಮೊಲ, ಸ್ಕಂಕ್ ತುಳಿದರೆ ಬಡಿಯದಂತೆ ತಟ್ಟೆಯನ್ನು ಬಿಗಿ ಮಾಡಬೇಕು ಎಂದ. ಎಲ್ಲ ಸರಿಯಾಗಿತ್ತು. ನನ್ನ ಕಣ್ಣಿಗೆ ಬಿದ್ದದ್ದು ಒಂದೇ. ನಾಲ್ಕು ಸ್ಪ್ರಿಂಗಿನ ಆ ಟ್ರ್ಯಾಪನ್ನು ಈ ವರ್ಷ ಅವನು ತಾನು ಹೂಡಲಿಲ್ಲ. "ಬ್ರಾಂಟ್, ನಿಮಗೆ ಶಕ್ತಿ ಜಾಸ್ತಿ ಆಗಿದೆ, ಬನ್ನಿ ಹೂಡಿ," ಎಂದ.

ಬ್ರಾಂಟ್ ಹೂಡಿದ. ಡೆಲ್ಮರ್ ಕುರ್ಚಿಯಲ್ಲಿ ಕೂತು ಎಡಗೈ ಇಟ್ಟ. ಟಪ್. ಅಕ್ಕತಂಗಿಯರಲ್ಲಿ ಒಬ್ಬಳು ಅಯ್ಯೋ ಎಂದಳು. ಅವನು ಕಾಫಿ ಕುಡಿದ, ಸ್ಕಂಕಿನ ಕಥೆ ಹೇಳಿದ. ಎಲ್ಲರೂ ನಕ್ಕರು. ಬಟ್ಟಲು ಬರಿದಾಯಿತು. ಅವನು ಬರಿಯ ಬಟ್ಟಲನ್ನೇ ಬಾಯಿಗಿಟ್ಟು ಇನ್ನೊಂದು ಕಥೆ ಹೇಳಿದ. ಆ ಕಥೆ ನಾನು ಯಾವತ್ತೂ ಕೇಳಿರಲಿಲ್ಲ, ಅದಕ್ಕೆ ಕೊನೆಯೂ ಇರಲಿಲ್ಲ. ನಾನು ಕೈಯಲ್ಲಿದ್ದ ಕಾಫಿ ಪಾತ್ರೆಯನ್ನು ಕೆಳಗಿಟ್ಟೆ.

ಕೊನೆಗೆ ಎದ್ದು ಬಾಗಿದ. ಬಲಬೂಟು ಒಂದು ಕಿವಿಯನ್ನು ತುಳಿಯಿತು. ಎಡಬೂಟು ಇನ್ನೊಂದರ ಮೇಲೆ ಹೋಯಿತು, ಸೊಂಟ ಭಾರ ಹೊರಲಿಲ್ಲ, ಬೂಟು ಜಾರಿತು. ಜನ ತಮಾಷೆಯೆಂದುಕೊಂಡು ನಕ್ಕರು. ಇನ್ನೊಂದು ಸಲ ಪ್ರಯತ್ನಿಸಿದ. ಈಗ ಯಾರೂ ನಗಲಿಲ್ಲ. ಅವನ ಕತ್ತಿನ ಮೇಲೆ ಬೆವರು ಕಂಡಿತು. ಬ್ರಾಂಟ್ ಕುರ್ಚಿಯಿಂದ ಏಳಹೋದ.

"ಕೂತ್ಕೊಳ್ಳಿ," ಎಂದ ಡೆಲ್ಮರ್. ಮೂರನೆಯ ಸಲ ಪ್ರಯತ್ನಿಸಲಿಲ್ಲ. ಕುರ್ಚಿಯ ಅಂಚಿನಲ್ಲಿ ಬಾಗಿ ಕೂತ, ಕೈ ನೆಲದ ಮೇಲಿನ ಟ್ರ್ಯಾಪಿನಲ್ಲೇ ಇತ್ತು. ಇಷ್ಟು ದಣಿದ ಮುಖವನ್ನು ನಾನು ಆಸ್ಪತ್ರೆಯಲ್ಲಿ ಕೂಡ ನೋಡಿರಲಿಲ್ಲ.

"ಇದನ್ನ ತೆಗೆದು ಅಭ್ಯಾಸ ಇರೋರು ಇಲ್ಲಿ ಒಬ್ಬರಿದ್ದಾರೆ," ಎಂದು ತರಗತಿಗೆ ಹೇಳಿದ. "ಲವಾನ್, ಬಾ. ಹೋದ ಮಾರ್ಚಲ್ಲಿ ನನ್ನ ಟ್ರ್ಯಾಪನ್ನ ಇವಳ ನಾಯಿ ಕಾಲಿಂದ ತೆಗೆದೋಳು ಇವಳೇ. ನನಗೆ ತೆಗೆಯೋಕೆ ಬರಲಿಲ್ಲ."

ಓಪಲ್ ಕೈಯಲ್ಲಿ ಚಮಚ ಹಿಡಿದವಳು ಹಾಗೇ ನಿಂತಳು.

"ಬೇಲಿ ತಂತಿ ಅಂದಿದ್ಯಲ್ಲೇ," ಎಂದಳು ನನಗೆ.

ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಹೋಗಿ ಸಿಮೆಂಟು ನೆಲದಲ್ಲಿ ಮೊಣಕಾಲೂರಿ, ಎರಡು ಮೊಣಕಾಲಿನ ಭಾರವನ್ನೂ ಎರಡು ಕಿವಿಗೆ ಹಾಕಿದೆ. ಬಿಗಿಯಾಗಿತ್ತು, ಮೊದಲು ಬಗ್ಗಲಿಲ್ಲ. ಮೈಯ ಭಾರವನ್ನೆಲ್ಲ ಬಿಟ್ಟ ಮೇಲೆ ದವಡೆ ಸಡಿಲವಾಯಿತು. ಅವನು ಕೈ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಅಂಗೈಗೆ ಅಡ್ಡ ಬಿಳಿಯ ಗೆರೆ ಬಿದ್ದಿತ್ತು, ನಿಧಾನವಾಗಿ ಕೆಂಪಗಾಯಿತು. ಬೆರಳುಗಳನ್ನು ಆಡಿಸಿದ.

"ಮೂಳೆ ಸರಿ ಇದೆ. ಟ್ರ್ಯಾಪು ಸರಿ ಇದೆ," ಎಂದ. "ಆರಿಸಿಕೊಂಡವನು ಸರಿ ಇಲ್ಲ. ನಿಮಗೆಲ್ಲ ಬೇಡ ಅಂದ ಸಣ್ಣ ಟ್ರ್ಯಾಪನ್ನ ನಾನು ಇಟ್ಟೆ, ದೊಡ್ಡದು ನನ್ನ ಕೈಗೆ ಬಗ್ಗಲಿಲ್ಲ ಅಂತ. ನಾಯಿಗೆ ಎರಡು ಬೆರಳು ಹೋಯ್ತು. ಪಾಠ ಇಷ್ಟೇ."

ಆಮೇಲೆ ಒಬ್ಬೊಬ್ಬರನ್ನಾಗಿ ಕರೆದ. ಅಕ್ಕತಂಗಿಯರು ಕೈ ಇಟ್ಟು ತೆಗೆದರು. ಪೋಸ್ಟಿನವನು ಎರಡು ಸಲ ಬಯ್ದು ತೆಗೆದ. ಬ್ರಾಂಟ್ ತನ್ನ ಡಜನ್ ಟ್ರ್ಯಾಪನ್ನು ಸದ್ದಿಲ್ಲದೆ ಚೀಲಕ್ಕೆ ಹಾಕಿ, ನಡುವಿನದನ್ನು ಎತ್ತಿಕೊಂಡ. ಹನ್ನೊಂದು ಕಾರ್ಡಿಗೂ ಡೆಲ್ಮರ್ ಸಹಿ ಹಾಕಿದ. ಪೆನ್ನು ಕೆಳಗಿಡಲಿಲ್ಲ.

"ಲವಾನ್."

"ನಾನ್ಯಾಕೆ? ನಾನು ಕಾಫಿ ಮಾಡೋಳು."

"ಪ್ರತಿ ವರ್ಷ ಎಂಬತ್ತಮೂರು ಮರಿ ಅಂತ ಭಾಷಣ ಹೊಡೀತೀಯಲ್ಲ. ಮರಿ ಯಾರದು?"

"ನನ್ನವು."

"ಹಂಗಾದ್ರೆ ಬಾ. ಆರಿಸ್ಕೋ."

ನನಗೆ ಸಿಟ್ಟು ಬಂತು. ಹನ್ನೊಂದು ಜನರ ಎದುರು ನನ್ನ ಸುಳ್ಳನ್ನು ಬಿಚ್ಚಿಟ್ಟವನು ಈಗ ನನ್ನನ್ನು ಶಾಲೆಯ ಹುಡುಗಿಯಂತೆ ಮೇಜಿಗೆ ಕರೆಯುತ್ತಿದ್ದಾನೆ. ಹಾಳಾದವನೇ ಎಂದು ಬಾಯಲ್ಲೇ ಅಂದುಕೊಂಡು ಹೋಗಿ, ಕೈಗೆ ಹಗುರವಾದ ಸಣ್ಣದನ್ನು ಎತ್ತಿದೆ.

"ಅದಲ್ಲ," ಎಂದ.

"ನನ್ನ ಕೈಗೆ ಇದೇ ಸುಲಭ."

"ನನಗೂ ಸುಲಭ ಆಗಿತ್ತು. ಪಾದ್ರೀನ ಕೇಳು."

ಅದನ್ನು ಕೆಳಗಿಟ್ಟೆ. ಹಠಕ್ಕೆ ಎಲ್ಲಕ್ಕಿಂತ ದೊಡ್ಡದನ್ನು ಎತ್ತಿದೆ. "ಅದೂ ಅಲ್ಲ, ಶೋಕಿಗಲ್ಲ ಇದು," ಎಂದು ಅದನ್ನೂ ಕೆಳಗಿಡಿಸಿದ. ನಡುವಿನ ಒಂದನ್ನು ನನ್ನ ಕಡೆ ತಳ್ಳಿದ. ಎರಡು ಗಟ್ಟಿ ಸ್ಪ್ರಿಂಗು, ದಪ್ಪ ದವಡೆ, ನಡುವೆ ಸಂದಿ. ಕೈಯಲ್ಲಿ ಬಗ್ಗಲಿಲ್ಲ, ಮೊಣಕಾಲಲ್ಲಿ ಬಗ್ಗಿತು.

"ಇದು ನಿನ್ನ ಕೈಗೆ ತಕ್ಕದ್ದು," ಎಂದ. "ಇಡು."

ಇಟ್ಟೆ. ನೋವಾಗುವುದಿಲ್ಲ ಎಂದು ಅವನು ಎಂದೂ ಹೇಳಿರಲಿಲ್ಲ, ನಾವೇ ಹಾಗೆ ತಿಳಿದಿದ್ದೆವು. ಮೊದಲು ಬಾಗಿಲಿಗೆ ಸಿಕ್ಕಿದಷ್ಟು ಉರಿ, ಆಮೇಲೆ ಮರಗಟ್ಟುವಿಕೆ. ಅದಕ್ಕಿಂತ ಕೆಟ್ಟದ್ದು ಬೇರೆ. ಬಿಡುವುದಿಲ್ಲ ಎಂದು ಕೈಗೆ ಗೊತ್ತಾಗುತ್ತದೆ. ನನಗೆ ಗೊತ್ತಿತ್ತು, ನಾನೇ ತೆಗೆಯಬಲ್ಲೆ ಎಂದು. ಆದರೂ ಮೊದಲು ಕೈಯನ್ನು ಹಿಂದಕ್ಕೆ ಎಳೆದೆ. ಎರಡು ಬೂಟಿನಲ್ಲಿ ತುಳಿದು ಕೈ ತೆಗೆದೆ. ಡೆಲ್ಮರ್ ಹನ್ನೆರಡನೆಯ ಕಾರ್ಡಿನ ಮೇಲೆ ನನ್ನ ಹೆಸರನ್ನು ಪೂರ್ತಿಯಾಗಿ, ಮದುವೆಗೆ ಮುಂಚಿನ ಹೆಸರನ್ನೂ ಸೇರಿಸಿ ಬರೆದ. ಓಪಲ್ ನನಗೆ ಊಟದ ತಟ್ಟೆ ತಂದುಕೊಟ್ಟಳು. ಮಾತಾಡಲು ಅವಳಿಗೆ ಮೂರು ವಾರ ಬೇಕಾಯಿತು.

ಎಲ್ಲರೂ ಹೋದ ಮೇಲೆ ಹಾಲ್ ಗುಡಿಸುವಾಗ ಡೆಲ್ಮರನನ್ನು ಕೇಳಿದೆ. "ತೆಗೆಯೋಕೆ ಆಗಲ್ಲ ಅಂತ ಗೊತ್ತಿದ್ದೂ ಯಾಕೆ ಇಟ್ಟೆ ಕೈನ?"

"ಶೆಡ್ಡಲ್ಲಿ ಕೈ ಇಡದೆ ತುಳಿದು ನೋಡಿದ್ದೆ. ಮೂರು ಸಲದಲ್ಲಿ ಒಂದ್ಸಲ ಬಂದಿತ್ತು," ಎಂದ. "ಆ ಒಂದ್ಸಲ ಇವತ್ತು ಬರುತ್ತೆ ಅಂದ್ಕೊಂಡೆ. ಬಂದಿದ್ರೆ ಇನ್ನೊಂದು ವರ್ಷ ಎಲ್ಲರಿಗೂ ಸುಳ್ಳು ಹೇಳ್ಕೊಂಡು ಇರ್ತಿದ್ದೆ."

"ಮುಂದೇನು?"

"ಪಿಕಪ್ಪು ಓಡಿಸೋಕೆ ಬರುತ್ತೆ ನನಗೆ. ಇಳಿಯೋದು ನೀನು."

ಹಾಗೆ ನವೆಂಬರಿನಲ್ಲಿ ನಾವು ಶುರು ಮಾಡಿದೆವು. ಬೆಳಗಾಗುತ್ತಲೇ ಅವನು ಬರುತ್ತಾನೆ, ನಾನು ಪಕ್ಕದಲ್ಲಿ ಹತ್ತುತ್ತೇನೆ. ಎಲ್ಲಿ ಇಡಬೇಕು, ಗಾಳಿ ಯಾವ ಕಡೆಯದು, ಮಣ್ಣು ಎಷ್ಟು ಜರಡಿ ಹಿಡಿಯಬೇಕು, ಎಲ್ಲ ಕಿಟಕಿಯೊಳಗಿಂದಲೇ ಹೇಳುತ್ತಾನೆ. ನನ್ನ ಕೆಲಸ ಅವನಿಗೆ ಒಂದು ದಿನವೂ ಹಿಡಿಸಲಿಲ್ಲ. "ಆಲೂಗಡ್ಡೆ ನೆಡ್ತಿದ್ದೀಯೇನೆ?" ಎಂದು ಬಯ್ಯುತ್ತಾನೆ. ಮಾರನೆಯ ದಿನ ಹೋಗಿ ಮತ್ತೆ ಅಗೆಯುತ್ತೇನೆ. ಹದಿನೈದು ದಿನ ಏನೂ ಸಿಗಲಿಲ್ಲ. ನನ್ನ ಮೊಣಕಾಲು ಹೋಗಿತ್ತು, ಅವನ ಗಂಟಲು ಹೋಗಿತ್ತು.

ಹದಿನಾರನೆಯ ಬೆಳಿಗ್ಗೆ ಹಳ್ಳದ ತಿರುವಿನಲ್ಲಿ ಅವನು ಪಿಕಪ್ಪು ನಿಧಾನ ಮಾಡಿದ. ಅವನ ಕಣ್ಣಿಗೆ ಮೊದಲೇ ಕಂಡಿತ್ತು. ನನ್ನ ಕೈಗೆ ಸಣ್ಣ ಬಂದೂಕು ಕೊಟ್ಟ.

ನಾನು ನಡೆದು ಹೋದೆ. ಟ್ರ್ಯಾಪು ಸರಿಯಾಗಿ, ಪಂಜದ ಮೇಲುಭಾಗದಲ್ಲಿ ಹಿಡಿದಿತ್ತು. ಜಾರಿರಲಿಲ್ಲ, ರಕ್ತವಿರಲಿಲ್ಲ. ಸುತ್ತ ನೆಲವೆಲ್ಲ ಗೀರಿತ್ತು. ಕಯೋಟಿ ಎಳೆದಾಡಿ ಸುಸ್ತಾಗಿ ಕೂತಿತ್ತು. ಹಲ್ಲು ಕಿರಿಯುತ್ತದೆ, ಗುರುಗುಟ್ಟುತ್ತದೆ ಎಂದು ನಾನು ಸಿದ್ಧಳಾಗಿದ್ದೆ. ಅದು ಏನೂ ಮಾಡಲಿಲ್ಲ. ತಲೆ ಸ್ವಲ್ಪ ವಾಲಿಸಿ, ನಾನು ಯಾರಿರಬಹುದು ಎಂದು ನೋಡಿತು, ಅಷ್ಟೆ. ನಮ್ಮ ಪಾದ್ರಿ ಅಪರಿಚಿತರನ್ನು ನೋಡುವುದು ಹಾಗೆಯೇ. ನಾನು ಎಷ್ಟು ಹೊತ್ತು ನಿಂತೆನೋ ತಿಳಿಯದು. ಆಮೇಲೆ ಮಾಡಬೇಕಾದ್ದನ್ನು ಮಾಡಿದೆ. ಮೊಣಕಾಲೂರಿ ಟ್ರ್ಯಾಪು ತೆಗೆದೆ, ಐದು ಸೆಕೆಂಡೇ ಹಿಡಿಯಿತು. ಕಾಲು ಇನ್ನೂ ಬೆಚ್ಚಗಿತ್ತು.

ವಾಪಸು ಬಂದು ಬಂದೂಕನ್ನು ಅವನಿಗೆ ಕೊಟ್ಟು ಸೀಟಿನಲ್ಲಿ ಕೂತೆ. ಡೆಲ್ಮರ್ ಗಾಜಿನಿಂದಾಚೆ ಎಲ್ಲೋ ನೋಡುತ್ತಿದ್ದ. ಈ ಮನುಷ್ಯ ಚಳಿಗಾಲವಿಡೀ ದಿನ ಬಿಟ್ಟು ದಿನ ಇದನ್ನು ಮಾಡಿ, ಕೈ ತೊಳೆದು, ನನ್ನ ಅಂಗಳಕ್ಕೆ ಬರುತ್ತಿದ್ದ. ನನಗೆ ಅಳು ಬಂತು, ಸಿಟ್ಟೂ ಬಂತು.

"ಅದು ಸುಮ್ನೆ ನೋಡುತ್ತೆ," ಎಂದೆ. "ಮೂವತ್ತೊಂದು ವರ್ಷ ಆಯ್ತು, ಡೆಲ್ಮರ್. ಅದು ಹಿಂಗೆ ನೋಡುತ್ತೆ ಅಂತ ಒಂದು ದಿನವಾದ್ರೂ ಹೇಳಬಾರದಿತ್ತಾ?"

ಅವನು ಗೇರು ಹಾಕಿದ.

"ನೀನು 'ಎಷ್ಟು?' ಅಂತ ಮಾತ್ರ ಕೇಳ್ತಿದ್ದೆ," ಎಂದ.

ಇನ್ನೂ ಹನ್ನೊಂದು ಟ್ರ್ಯಾಪು ನೋಡುವುದು ಉಳಿದಿತ್ತು. ನಾನು ಬಾಗಿಲು ಎಳೆದುಕೊಂಡೆ.